ಊರಿನ ನಕ್ಷೆ ಇದೆ, ನೆಲದ ಯೋಜನೆ ಎಲ್ಲಿದೆ?

ತುಮಕೂರು ಜಿಲ್ಲೆಯ ಮಧುಗಿರಿ ಕಂದಾಯ ಉಪವಿಭಾಗದಲ್ಲಿ ನಾಲ್ಕು ತಾಲ್ಲೂಕುಗಳಿವೆ: ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಮಳೆಯನ್ನೇ ನಂಬಿದ ಬಯಲುಸೀಮೆ. ಕಡಲೆಕಾಯಿ, ರಾಗಿ, ಹುಣಸೆ, ಕುರಿ ಸಾಕಣೆ, ಕೊಳವೆಬಾವಿ ಕೈಹಿಡಿದ ಕಡೆ ಅಡಿಕೆ ತೋಟ. ಈ ನೆಲದ ಮೇಲೆ ಕಳೆದ ಎರಡು ದಶಕಗಳಲ್ಲಿ ಒಂದರ ಹಿಂದೆ ಒಂದು ದೊಡ್ಡ ಯೋಜನೆ ಬಂದಿದೆ. ಪಾವಗಡದ ನಾಗಲಮಡಿಕೆ ಹೋಬಳಿಯಲ್ಲಿ 13,000 ಎಕರೆಯ ಸೌರ ವಿದ್ಯುತ್ ಪಾರ್ಕ್ ಎದ್ದಿತು. ಕೊರಟಗೆರೆ, ಮಧುಗಿರಿ, ಪಾವಗಡಗಳ ಮೂಲಕ ತುಮಕೂರು–ರಾಯದುರ್ಗ ರೈಲು ಮಾರ್ಗಕ್ಕೂ, ಶಿರಾ ಮೂಲಕ ತುಮಕೂರು–ದಾವಣಗೆರೆ ಮಾರ್ಗಕ್ಕೂ ಜಮೀನು ಗುರುತಾಯಿತು. ಎತ್ತಿನಹೊಳೆ ನೀರು ಹಿಡಿಯಲು ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಬಳಿ ಜಲಾಶಯ ಎಂದಾಯಿತು. ಪಕ್ಕದ ವಸಂತನರಸಾಪುರದಲ್ಲಿ ಚೆನ್ನೈ–ಬೆಂಗಳೂರು ಕೈಗಾರಿಕಾ ಕಾರಿಡಾರಿನ ತುಮಕೂರು ಘಟಕಕ್ಕೆ ಕೇಂದ್ರ ಸಂಪುಟ 2020ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು.

ಒಂದೊಂದು ಯೋಜನೆಯೂ ಒಂದೊಂದು ಇಲಾಖೆಯಿಂದ ಬಂತು: ಇಂಧನ, ರೈಲ್ವೆ, ಜಲಸಂಪನ್ಮೂಲ, ಕೈಗಾರಿಕೆ. ಒಂದೊಂದಕ್ಕೂ ಅದರದ್ದೇ ನಕ್ಷೆ, ಅದರದ್ದೇ ಅಧಿಸೂಚನೆ. ಇವೆಲ್ಲವನ್ನೂ ಒಂದೇ ಹಾಳೆಯ ಮೇಲೆ ಕೂಡಿಸಿ, ಯಾವ ನೆಲ ಯಾವುದಕ್ಕೆ ಎಂದು ಊರಿನವರ ಜೊತೆ ಕೂತು ತೀರ್ಮಾನಿಸುವ ಕೆಲಸ ಮಾತ್ರ ನಡೆಯಲಿಲ್ಲ. ಬೇರೆ ದೇಶಗಳಲ್ಲಿ ಈ ಕೆಲಸವನ್ನು ಯಾರು, ಹೇಗೆ ಮಾಡುತ್ತಾರೆ? ಅದರಲ್ಲಿ ನಮಗೆ ಹೊಂದುವುದೇನು? ಈ ಲೇಖನ ಪರಿಶೀಲಿಸುವುದು ಇದನ್ನೇ.

ಹೋಲಿಕೆಯ ಅಳತೆಗೋಲು

ದೇಶದೇಶಗಳ ಯೋಜನಾ ವ್ಯವಸ್ಥೆಗಳನ್ನು ಹೋಲಿಸುವ ಪ್ರಯತ್ನ ಹೊಸದಲ್ಲ. 1997ರಲ್ಲಿ ಯುರೋಪಿಯನ್ ಕಮಿಷನ್ ತನ್ನ ಅಂದಿನ 15 ಸದಸ್ಯ ರಾಷ್ಟ್ರಗಳ ವ್ಯವಸ್ಥೆಗಳನ್ನು ಒಟ್ಟುಗೂಡಿಸಿ ಸಂಪುಟ ಹೊರತಂದು, ಅವುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು. ಪ್ರದೇಶಗಳ ಆರ್ಥಿಕ ಅಸಮಾನತೆ ತಗ್ಗಿಸಲು ಹೊರಟವು ಕೆಲವು. ಕೇಂದ್ರದಿಂದ ಊರಿನವರೆಗೆ ಮೆಟ್ಟಿಲು ಮೆಟ್ಟಿಲಾಗಿ ಯೋಜನೆ ಹೆಣೆಯುವವು ಕೆಲವು. ಭೂಬಳಕೆಗೆ ಕಡಿವಾಣ ಹಾಕುವುದನ್ನೇ ಮುಖ್ಯವಾಗಿಸಿಕೊಂಡವು ಕೆಲವು. ಕಟ್ಟಡ ಮತ್ತು ನಗರದ ರೂಪಕ್ಕೆ ಒತ್ತು ಕೊಟ್ಟವು ಇನ್ನು ಕೆಲವು. ಆದರೆ ಈ ವಿಂಗಡಣೆ ಶಿರಾದ ರೈತನಿಗೆ ಹೆಚ್ಚು ಉಪಯೋಗಕ್ಕೆ ಬಾರದು. ಅವನ ಜಮೀನಿನ ಕಡೆಯಿಂದ ನೋಡಿದರೆ ಕೇಳಬೇಕಾದ ಪ್ರಶ್ನೆಗಳು ನಾಲ್ಕು. ಯೋಜನೆ ಮಾಡುವವರು ಯಾರು? ಮಾಡಿದ ಯೋಜನೆಗೆ ಸರ್ಕಾರವೂ ಖಾಸಗಿಯವರೂ ಬದ್ಧರೇ? ಅದು ಪಟ್ಟಣಕ್ಕೆ ಮಾತ್ರವೋ, ಹೊಲ, ಕೆರೆ, ಕಾವಲುಗಳಿಗೂ ಅನ್ವಯವೋ? ಜಮೀನಿನ ಬೆಲೆ ಏರಿದಾಗ ಆ ಲಾಭ ಯಾರ ಕೈ ಸೇರುತ್ತದೆ?

ಇಂಗ್ಲೆಂಡ್: ಅನುಮತಿಯೇ ಆಧಾರ

ಇಂಗ್ಲೆಂಡಿನ ವ್ಯವಸ್ಥೆಗೆ ಬುನಾದಿ 1947ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಜಮೀನಿನ ಒಡೆತನ ಮಾಲೀಕನ ಬಳಿಯೇ ಉಳಿಯಿತು. ಅದರ ಮೇಲೆ ಹೊಸದಾಗಿ ಕಟ್ಟುವ, ಬಳಕೆ ಬದಲಿಸುವ ಹಕ್ಕು ಸಮಾಜದ ಪಾಲಾಯಿತು. ಅಂದಿನಿಂದ ಅಲ್ಲಿ ಸಣ್ಣಪುಟ್ಟ ವಿನಾಯಿತಿ ಬಿಟ್ಟರೆ ಏನು ಕಟ್ಟಬೇಕಾದರೂ ಸ್ಥಳೀಯ ಸಂಸ್ಥೆಯ ಅನುಮತಿ ಬೇಕು. ಸ್ಥಳೀಯ ಯೋಜನೆ ದಾರಿ ತೋರಿಸುತ್ತದೆ, ಕೊನೆಯ ತೀರ್ಮಾನ ಆಯಾ ಅರ್ಜಿಯ ಮೇಲೆ ಆಗುತ್ತದೆ. ಅರ್ಜಿ ಬಂದ ಸುದ್ದಿ ನೆರೆಹೊರೆಗೆ ತಿಳಿಯಬೇಕು. ಜಾಗದಲ್ಲೇ ನೋಟಿಸ್ ಅಂಟಿಸುತ್ತಾರೆ, ಆಕ್ಷೇಪಣೆಗೆ ಸಮಯ ಕೊಡುತ್ತಾರೆ. 2011ರ ಸ್ಥಳೀಯತಾ ಕಾಯ್ದೆಯ ನಂತರ ಒಂದು ಬಡಾವಣೆ ಅಥವಾ ಹಳ್ಳಿಯ ಜನ ತಮ್ಮ ನೆರೆಹೊರೆಯ ಯೋಜನೆಯನ್ನು ತಾವೇ ಬರೆದು ಜನಮತಕ್ಕೆ ಹಾಕಬಹುದು.

ಬೆಲೆ ಏರಿಕೆಯ ಪ್ರಶ್ನೆಯಲ್ಲಿ ಅದೇ ಕಾಯ್ದೆ ದಿಟ್ಟ ಹೆಜ್ಜೆ ಇಟ್ಟಿತ್ತು. ಅನುಮತಿಯಿಂದ ಏರುವ ಬೆಲೆಯನ್ನು ಪೂರ್ತಿಯಾಗಿ ಸರ್ಕಾರವೇ ಶುಲ್ಕವಾಗಿ ಪಡೆಯಬೇಕು ಎಂದಿತು. ಮಾರುವವರೇ ಇಲ್ಲದಂತಾಗಿ, ಕೆಲವೇ ವರ್ಷಗಳಲ್ಲಿ ಅದನ್ನು ಕೈಬಿಡಬೇಕಾಯಿತು. ಹೊಲ, ಹುಲ್ಲುಗಾವಲು ಉಳಿದದ್ದು ಈ ವ್ಯವಸ್ಥೆಯ ಗೆಲುವು. ಮನೆಗಳ ಕೊರತೆ ಮತ್ತು ಕೈಗೆಟುಕದ ಬೆಲೆ ಅದರ ಸೋಲು.

ಜರ್ಮನಿ: ಊರಿನ ಒಳಗೆ, ಊರಿನ ಹೊರಗೆ

ಜರ್ಮನಿಯಲ್ಲಿ ಯೋಜನೆಯ ಅಧಿಕಾರ ಊರಿನ ಪರಿಷತ್ತಿನದ್ದು. ಇಡೀ ಊರಿನ ಭೂಬಳಕೆ ತೋರಿಸುವ ಸ್ಥೂಲ ನಕ್ಷೆ ಒಂದು. ಒಂದೊಂದು ಭಾಗಕ್ಕೆ ಕಟ್ಟಡದ ಎತ್ತರ, ಜಾಗ, ಬಳಕೆ ಎಲ್ಲವನ್ನೂ ಗೊತ್ತುಮಾಡುವ ಕಟ್ಟುನಿಟ್ಟಾದ ನಕ್ಷೆ ಇನ್ನೊಂದು. ಈ ಎರಡನೆಯದಕ್ಕೆ ಕಾನೂನಿನ ಬಲವಿದೆ. ಅದರ ಪ್ರಕಾರ ಕಟ್ಟುವವನಿಗೆ ತಡೆಯಿಲ್ಲ. ಅದನ್ನು ಮೀರುವವನಿಗೆ ದಾರಿಯಿಲ್ಲ. ರಾಜ್ಯದ ಯೋಜನೆ ಊರಿನ ಯೋಜನೆಯನ್ನು ಗಣಿಸಬೇಕು, ಊರಿನದು ರಾಜ್ಯದ್ದನ್ನು ಅನುಸರಿಸಬೇಕು ಎಂಬ ಎರಡು ದಿಕ್ಕಿನ ನಿಯಮವೂ ಇದೆ.

ನಮಗೆ ಮುಖ್ಯವಾಗುವುದು ಅಲ್ಲಿನ ಕಟ್ಟಡ ಸಂಹಿತೆಯ 35ನೇ ಕಲಂ. ಊರು ಮುಗಿದ ನಂತರದ ಬಯಲಿನಲ್ಲಿ ಕಟ್ಟುವಂತಿಲ್ಲ ಎಂಬುದೇ ಅದರ ಮೂಲ ನಿಯಮ. ಕೃಷಿಗೆ ಬೇಕಾದ ಕಟ್ಟಡ, ಗಾಳಿಯಂತ್ರ ಮುಂತಾದವಕ್ಕೆ ರಿಯಾಯಿತಿ ಇದೆ. 2023ರಿಂದ ಹೆದ್ದಾರಿ ಮತ್ತು ಜೋಡಿ ರೈಲು ಮಾರ್ಗದ 200 ಮೀಟರ್ ಒಳಗಿನ ಸೌರ ಫಲಕಗಳಿಗೂ ರಿಯಾಯಿತಿ ಸಿಕ್ಕಿತು. ಅದರಾಚೆಗಿನ ಹೊಲದಲ್ಲಿ ದೊಡ್ಡ ಸೌರ ಪಾರ್ಕ್ ಬರಬೇಕಾದರೆ ಸಾಮಾನ್ಯವಾಗಿ ಊರಿನ ಪರಿಷತ್ತು ಯೋಜನೆ ಮಾಡಿ ಮತ ಹಾಕಬೇಕು. ಪಾವಗಡದ ಓದುಗರು ಈ ಒಂದು ನಿಯಮವನ್ನು ನೆನಪಿನಲ್ಲಿಟ್ಟುಕೊಳ್ಳಬೇಕು. ಜರ್ಮನಿಗೂ ಚಿಂತೆಯಿಲ್ಲದಿಲ್ಲ: ದಿನಕ್ಕೆ 30 ಹೆಕ್ಟೇರಿಗಿಂತ ಕಡಿಮೆ ಹೊಸ ಭೂಮಿ ಬಳಸಬೇಕೆಂಬ ಗುರಿಯನ್ನು 2020ಕ್ಕೆ ಮುಟ್ಟಲಾಗದೆ ಮುಂದಕ್ಕೆ ಹಾಕಿತು.

ಜಪಾನ್: ಗೆರೆ ಎಳೆದು, ಜಮೀನು ಕೂಡಿಸಿ

ಜಪಾನಿನ 1968ರ ನಗರ ಯೋಜನಾ ಕಾಯ್ದೆ ನಗರದ ಸುತ್ತ ಒಂದು ಗೆರೆ ಎಳೆಯಿತು. ಗೆರೆಯ ಒಳಗೆ ಬೆಳವಣಿಗೆಗೆ ಪ್ರೋತ್ಸಾಹ, ಹೊರಗೆ ನಿಯಂತ್ರಣ. ವಲಯಗಳ ಪಟ್ಟಿಯನ್ನು ಕೇಂದ್ರವೇ ನಿಗದಿ ಮಾಡಿದೆ. ಈಗ 13 ಬಗೆಯ ವಲಯಗಳಿವೆ. ಟೋಕಿಯೋದಲ್ಲೂ ಸಣ್ಣ ಪಟ್ಟಣದಲ್ಲೂ ಅವೇ ವಲಯಗಳು, ಆದ್ದರಿಂದ ನಿಯಮ ತಿಳಿಯಲು ದಲ್ಲಾಳಿ ಬೇಕಿಲ್ಲ.

ಅಲ್ಲಿನ ಇನ್ನೊಂದು ಉಪಾಯ ಜಮೀನು ಮರುಹೊಂದಾಣಿಕೆ. ಅಂಕುಡೊಂಕಾದ ಹೊಲಗಳ ಮಾಲೀಕರೆಲ್ಲ ಜಮೀನು ಒಟ್ಟುಗೂಡಿಸುತ್ತಾರೆ. ರಸ್ತೆ, ಚರಂಡಿ, ಉದ್ಯಾನಕ್ಕೆಂದು ಪ್ರತಿಯೊಬ್ಬರೂ ಒಂದು ಪಾಲು ಬಿಟ್ಟುಕೊಡುತ್ತಾರೆ. ಕೆಲಸದ ಖರ್ಚು ತೆಗೆಯಲು ಸ್ವಲ್ಪ ಜಾಗ ಮಾರಾಟಕ್ಕೆ ಮೀಸಲು. ಉಳಿದದ್ದು ಅದೇ ಮಾಲೀಕರಿಗೆ, ಅಳತೆಯಲ್ಲಿ ಕಿರಿದಾಗಿ, ಬೆಲೆಯಲ್ಲಿ ಹಿರಿದಾಗಿ ಮರಳುತ್ತದೆ. ಯಾರನ್ನೂ ಒಕ್ಕಲೆಬ್ಬಿಸಬೇಕಿಲ್ಲ, ಬೆಲೆಯ ಏರಿಕೆ ಜಮೀನಿನವರಿಗೂ ಊರಿಗೂ ಹಂಚಿಕೆಯಾಗುತ್ತದೆ. ಜಪಾನಿನ ನಗರ ಪ್ರದೇಶದ ಸುಮಾರು ಮೂರನೇ ಒಂದು ಭಾಗ ಹೀಗೆ ರೂಪುಗೊಂಡಿದೆ. ಇದಕ್ಕೂ ಮುಂಚೆ 1902ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಇಂಥದೇ ಕಾನೂನು ಪಡೆದಿತ್ತು.

ವಿಶೇಷವೆಂದರೆ, ಚೆನ್ನೈ–ಬೆಂಗಳೂರು ಕಾರಿಡಾರಿನ ಯೋಜನೆ ತಯಾರಿಸಿ ತುಮಕೂರನ್ನು ಅದರ ಘಟಕವಾಗಿ ಸೂಚಿಸಿದ್ದು ಜಪಾನಿನ ನೆರವು ಸಂಸ್ಥೆ ಜೈಕಾ. ಜಪಾನಿನ ತಜ್ಞರ ಕಾರಿಡಾರ್ ನಮ್ಮವರೆಗೆ ಬಂತು. ಜಪಾನಿನ ರೈತನಿಗೆ ಅಲ್ಲಿ ಸಿಗುವ ಪಾಲುದಾರಿಕೆ ಬರಲಿಲ್ಲ. ಇಲ್ಲಿ ಕೈಗಾರಿಕೆಗೆ ಜಮೀನು ಪಡೆಯುವುದು ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) 1966ರ ಕಾಯ್ದೆಯ ಸ್ವಾಧೀನದ ಮೂಲಕವೇ.

ಅಮೆರಿಕ, ಚೀನಾ, ಫ್ರಾನ್ಸ್, ದಕ್ಷಿಣ ಆಫ್ರಿಕ

ಅಮೆರಿಕದಲ್ಲಿ ವಲಯೀಕರಣ ಸ್ಥಳೀಯ ಸಂಸ್ಥೆಗಳ ಕೈಯಲ್ಲಿದೆ. ನ್ಯೂಯಾರ್ಕ್ 1916ರಲ್ಲಿ ಇಡೀ ನಗರಕ್ಕೆ ವಲಯ ನಿಯಮ ತಂದಿತು. 1926ರಲ್ಲಿ ಸುಪ್ರೀಂ ಕೋರ್ಟ್ ಇಂಥ ನಿಯಮಗಳನ್ನು ಎತ್ತಿಹಿಡಿಯಿತು. ಒಂದು ನಿವೇಶನಕ್ಕೆ ಒಂದೇ ಮನೆ ಎಂಬ ವಲಯಗಳು ಬಡವರನ್ನೂ ಕಪ್ಪು ಜನರನ್ನೂ ಹೊರಗಿಡುವ ಸಾಧನವಾದದ್ದು ಆ ಇತಿಹಾಸದ ಕಹಿ ಭಾಗ. ಊರಿನ ಕೈಗೆ ಅಧಿಕಾರ ಕೊಟ್ಟ ಮಾತ್ರಕ್ಕೆ ನ್ಯಾಯ ತಾನಾಗಿ ಬರುವುದಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆರೆಗಾನ್ ರಾಜ್ಯ ಮಾತ್ರ 1973ರಲ್ಲಿ ಕಾನೂನು ಮಾಡಿ, ಪ್ರತಿ ನಗರವೂ ತನ್ನ ಬೆಳವಣಿಗೆಯ ಗಡಿ ಎಳೆದುಕೊಂಡು ಹೊರಗಿನ ಹೊಲ, ಕಾಡು ಉಳಿಸಬೇಕೆಂದು ವಿಧಿಸಿತು.

ಚೀನಾದಲ್ಲಿ ನಗರದ ಭೂಮಿ ಸರ್ಕಾರದ್ದು, ಹಳ್ಳಿಯ ಭೂಮಿ ಸಾಮೂಹಿಕ ಒಡೆತನದ್ದು. ಬೇರೆ ಬೇರೆ ಇಲಾಖೆಗಳ ಯೋಜನೆಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದನ್ನು ಕಂಡು, 2018ರಲ್ಲಿ ಅವನ್ನು ಒಂದೇ ಸಚಿವಾಲಯದಡಿ ತಂದರು. ಪರಿಸರ ರಕ್ಷಣೆ, ಕಾಯಂ ಕೃಷಿಭೂಮಿ, ನಗರದ ಗಡಿ ಎಂಬ ಮೂರು ಗೆರೆಗಳನ್ನು ದೇಶದಾದ್ಯಂತ ಎಳೆಯುತ್ತಾರೆ. ಸಾಗುವಳಿ ಭೂಮಿ 12 ಕೋಟಿ ಹೆಕ್ಟೇರಿಗಿಂತ ಇಳಿಯಬಾರದು ಎಂಬ ಮಿತಿಯೂ ಇದೆ. ಸಮನ್ವಯ ಇದೆ, ಹಳ್ಳಿಯವನ ಮಾತಿಗೆ ಜಾಗ ಕಡಿಮೆ. ಫ್ರಾನ್ಸ್ 2021ರಲ್ಲಿ ಕಾನೂನು ಮಾಡಿ, 2050ರ ಹೊತ್ತಿಗೆ ಹೊಸದಾಗಿ ಕಾಂಕ್ರೀಟಿಗೆ ಹೋಗುವ ನೆಲಕ್ಕೆ ಸಮನಾದ ನೆಲವನ್ನು ಮತ್ತೆ ಮಣ್ಣಿಗೆ ಮರಳಿಸಬೇಕು ಎಂಬ ಗುರಿ ಇಟ್ಟುಕೊಂಡಿತು.

ನಮ್ಮ ಸ್ಥಿತಿಗೆ ಹತ್ತಿರದ ಪಾಠ ದಕ್ಷಿಣ ಆಫ್ರಿಕದ್ದು. ವರ್ಣಭೇದದ ಕಾಲದಲ್ಲಿ ಅಲ್ಲಿ ಯೋಜನೆ ಇದ್ದದ್ದು ಬಿಳಿಯರ ಪಟ್ಟಣಗಳಿಗೆ. ಉಳಿದ ನೆಲ ಲೆಕ್ಕಕ್ಕಿರಲಿಲ್ಲ. 2013ರಲ್ಲಿ ಬಂದು 2015ರ ಜುಲೈನಿಂದ ಜಾರಿಯಾದ ಕಾಯ್ದೆ, ಪ್ರತಿ ಸ್ಥಳೀಯ ಸಂಸ್ಥೆಯೂ ಐದು ವರ್ಷದೊಳಗೆ ತನ್ನ ಗಡಿಯಿಂದ ಗಡಿಯವರೆಗೆ, ಹಳ್ಳಿಯನ್ನೂ ಕೃಷಿಯನ್ನೂ ಸೇರಿಸಿ, ಒಂದೇ ಭೂಬಳಕೆ ಯೋಜನೆ ಮಾಡಬೇಕೆಂದಿತು. ಹಣ, ತಜ್ಞರ ಕೊರತೆಯಿಂದಲೂ ಸಾಂಪ್ರದಾಯಿಕ ಮುಖಂಡರ ವಿರೋಧದಿಂದಲೂ ಕೆಲಸ ಕುಂಟಿದೆ. ಆದರೂ ಯೋಜನೆಯ ಹೊರಗೆ ಒಂದು ಗುಂಟೆಯೂ ಉಳಿಯಬಾರದು ಎಂಬ ತತ್ವ ಕಾನೂನಾಗಿ ನಿಂತಿದೆ.

ನಮ್ಮಲ್ಲಿ ಇರುವುದೇನು?

ನಮ್ಮಲ್ಲಿ ಕಾನೂನಿಗೆ ಬರವಿಲ್ಲ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದ್ದು. ಹೆಸರಿನಲ್ಲಿ ಗ್ರಾಮಾಂತರ ಇದ್ದರೂ, ಸ್ಥಳೀಯ ಯೋಜನಾ ಪ್ರದೇಶ ಎಂದು ಘೋಷಣೆಯಾದ ಕಡೆ ಮಾತ್ರ ಮಹಾಯೋಜನೆ ಸಿದ್ಧವಾಗುತ್ತದೆ, ಅಂದರೆ ಬಹುಮಟ್ಟಿಗೆ ಪಟ್ಟಣ ಮತ್ತು ಅದರ ಅಂಚಿಗೆ. ಅದರಾಚೆಗೆ ನೆಲದ ಭವಿಷ್ಯ ನಿರ್ಧಾರವಾಗುವುದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ, ಭೂಪರಿವರ್ತನೆಯ ಅರ್ಜಿಯ ಮೇಲೆ. ಅರ್ಜಿ ಬಂದ ಸರ್ವೆ ನಂಬರಿಗೆ ಮಾತ್ರ ಉತ್ತರ ಸಿಗುತ್ತದೆ. ಪಕ್ಕದ ಸರ್ವೆ ನಂಬರಿನ ನೀರು ಎಲ್ಲಿ ಹರಿಯಬೇಕು, ಊರಿನ ಮುಂದಿನ ರಸ್ತೆ ಎಲ್ಲಿ ಬರಬೇಕು ಎಂಬುದನ್ನು ಮೊದಲೇ ತೋರಿಸುವ ನಕ್ಷೆ ಅಧಿಕಾರಿಯ ಮುಂದೆ ಇರುವುದಿಲ್ಲ.

ಆದರೆ ಇನ್ನೊಂದು ನಕ್ಷೆ ನಮ್ಮಲ್ಲಿ ಇದೆ. ಸರ್ವೆ ಇಲಾಖೆಯ ಹಳೆಯ ಗ್ರಾಮ ನಕ್ಷೆಯಲ್ಲಿ ಒಂದು ಇಂಚು ಎಂದರೆ ನೆಲದ ಮೇಲೆ 660 ಅಡಿ. ಒಂದು ಚದರ ಇಂಚಿನಲ್ಲಿ ಸರಿಯಾಗಿ 10 ಎಕರೆ. ಪ್ರತಿ ಹೊಲದ ಗಡಿ, ಮೂಲೆಯ ಕಲ್ಲು, ಬಂಡಿದಾರಿ, ಹಳ್ಳ, ಕೆರೆ ಅಂಗಳ, ಗುಂಡುತೋಪು, ಸ್ಮಶಾನ, ಗ್ರಾಮಠಾಣ ಎಲ್ಲ ಅದರಲ್ಲಿವೆ. ಊರಿನ ದನಕರುಗಳಿಗಾಗಿ ಗೋಮಾಳವೂ ಇದೆ. 1966ರ ಭೂ ಕಂದಾಯ ನಿಯಮಗಳ ಪ್ರಕಾರ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು. ಅಂದರೆ ಯಾವ ನೆಲ ಎಲ್ಲರದ್ದು ಎಂಬುದನ್ನು ಹಿಂದಿನವರು ಗುರುತು ಹಾಕಿಟ್ಟಿದ್ದಾರೆ. ಕಂದಾಯ ವಸೂಲಿಗೆಂದು ಬರೆದ ಈ ನಕ್ಷೆ ಇಂದಿನ ಭೂಯೋಜನೆಗೆ ಮೊದಲ ಪದರವಾಗಬಲ್ಲದು.

ಸಂವಿಧಾನವೂ ದಾರಿ ತೆರೆದಿದೆ. 74ನೇ ತಿದ್ದುಪಡಿಯ ಮೂಲಕ ಬಂದ 243ಝಡ್‌ಡಿ ವಿಧಿಯಂತೆ ಪ್ರತಿ ಜಿಲ್ಲೆಗೂ ಒಂದು ಜಿಲ್ಲಾ ಯೋಜನಾ ಸಮಿತಿ ಇರಬೇಕು. ಪಂಚಾಯಿತಿ ಮತ್ತು ಪಟ್ಟಣಗಳ ಯೋಜನೆಗಳನ್ನು ಕೂಡಿಸುವಾಗ ಸ್ಥಳ ಯೋಜನೆ, ನೀರಿನ ಹಂಚಿಕೆ, ಪರಿಸರ ರಕ್ಷಣೆಯನ್ನು ಅದು ಗಮನಿಸಬೇಕು ಎಂದು ಆ ವಿಧಿ ಹೇಳುತ್ತದೆ. ಸಮಿತಿಯ ಕನಿಷ್ಠ ಐದರಲ್ಲಿ ನಾಲ್ಕು ಭಾಗ ಸದಸ್ಯರು ಜಿಲ್ಲಾ ಪಂಚಾಯಿತಿ ಮತ್ತು ಪುರಸಭೆ, ನಗರಸಭೆಗಳ ಚುನಾಯಿತರಾಗಿರಬೇಕು. ಆದರೆ ರಾಜ್ಯದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ನಡೆದ ಚುನಾವಣೆಯ ಅವಧಿ 2021ರಲ್ಲಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ ಆಡಳಿತಾಧಿಕಾರಿಗಳೇ ಅವುಗಳನ್ನು ನಡೆಸಿದರು. ಚುನಾಯಿತರಿಲ್ಲದ ಜಿಲ್ಲೆಯಲ್ಲಿ ಯೋಜನಾ ಸಮಿತಿಗೆ ಜೀವ ಎಲ್ಲಿಂದ ಬರಬೇಕು?

ಇತರ ರಾಜ್ಯಗಳಲ್ಲಿ ಒಳ್ಳೆಯ ಮಾದರಿಗಳಿವೆ. ಗುಜರಾತ್ ತನ್ನ 1976ರ ಕಾಯ್ದೆಯಡಿ ಜಪಾನಿನಂಥದೇ ಮರುಹೊಂದಾಣಿಕೆಯನ್ನು ಬಳಸಿ ಅಹಮದಾಬಾದಿನ 76 ಕಿಲೋಮೀಟರ್ ಹೊರವರ್ತುಲ ರಸ್ತೆಗೆ ಜಾಗ ಹೊಂದಿಸಿತು. ಕೇರಳ 2008ರಲ್ಲಿ ಗದ್ದೆ ಮತ್ತು ಜೌಗುಭೂಮಿ ರಕ್ಷಣೆಗೆ ಕಾಯ್ದೆ ಮಾಡಿ, ಯಾವುದು ಗದ್ದೆ ಎಂಬ ಪಟ್ಟಿ ಮಾಡುವ ಕೆಲಸವನ್ನು ಊರಿನ ಸಮಿತಿಗೆ ಕೊಟ್ಟಿತು. ನಮ್ಮ 1961ರ ಕಾಯ್ದೆಯಲ್ಲೂ ಜಮೀನು ಮರುಹೊಂದಾಣಿಕೆಗೆ ಅವಕಾಶ ಕೊಡುವ ನಗರ ಯೋಜನಾ ಸ್ಕೀಮಿನ ಅಧ್ಯಾಯವಿದೆ. ಅದರ ಬಳಕೆ ಮಾತ್ರ ತೀರಾ ಕಡಿಮೆ.

ನಾಲ್ಕು ತಾಲ್ಲೂಕಿನ ನೆಲದಲ್ಲಿ

ಪಾವಗಡದ ಸೌರ ಪಾರ್ಕನ್ನು ಹತ್ತಿರದಿಂದ ನೋಡೋಣ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ 13,000 ಎಕರೆಯಲ್ಲಿ 2,050 ಮೆಗಾವಾಟ್. ಮೊದಲ ಹಂತ 2018ರ ಮಾರ್ಚ್ 1ರಂದು ಉದ್ಘಾಟನೆಯಾಯಿತು. ಇಲ್ಲಿ ಸರ್ಕಾರ ಜಮೀನನ್ನು ಸ್ವಾಧೀನ ಮಾಡಿಕೊಳ್ಳಲಿಲ್ಲ, ಗುತ್ತಿಗೆಗೆ ಪಡೆಯಿತು: ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಪಹಣಿಯಲ್ಲಿ ರೈತನ ಹೆಸರು ಉಳಿಯಿತು, ಬರಗಾಲದ ಸೀಮೆಗೆ ಖಚಿತ ವರಮಾನ ಬಂತು. ದೇಶದ ಎಷ್ಟೋ ಸ್ವಾಧೀನಗಳಿಗಿಂತ ಇದು ಮೇಲು ಎಂದು ಮುಕ್ತವಾಗಿ ಒಪ್ಪಬೇಕು. ಆದರೆ ಗುತ್ತಿಗೆ ಹಣ ಪಹಣಿ ಇದ್ದವನಿಗೆ ಮಾತ್ರ. ಅದೇ ಹೊಲದಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಕೂಲಿಯ ಹೆಣ್ಣುಮಕ್ಕಳಿಗೆ ಕೆಲಸ ಹೋಯಿತು. ಕೊಯ್ಲಾದ ಹೊಲದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಅಡ್ಡ ಬಂತು. ಜಮೀನಿನವನ ಜೊತೆ ಒಪ್ಪಂದ ನಡೆಯಿತು, ಊರಿನ ಜೊತೆ ನಡೆಯಲಿಲ್ಲ. ಮೊದಲೇ ಭೂಬಳಕೆ ಯೋಜನೆ ಇದ್ದಿದ್ದರೆ ಕುರಿಹಾದಿ ಎಲ್ಲಿ, ಮೇವಿನ ನೆಲ ಎಲ್ಲಿ, ಕೂಲಿಕಾರರ ಪಾಲೆಷ್ಟು ಎಂಬ ಪ್ರಶ್ನೆಗಳು ಫಲಕ ನೆಡುವ ಮುಂಚೆಯೇ ಮೇಜಿಗೆ ಬರುತ್ತಿದ್ದವು.

ಬೈರಗೊಂಡ್ಲು ಇನ್ನೊಂದು ಪಾಠ ಹೇಳುತ್ತದೆ. ಉದ್ದೇಶಿತ ಜಲಾಶಯದ ನೀರು ನಿಲ್ಲುವ ನೆಲ ಒಂದೇ. ಒಂದು ಬದಿ ತುಮಕೂರು ಜಿಲ್ಲೆಯ ಕೊರಟಗೆರೆ, ಇನ್ನೊಂದು ಬದಿ ಬೆಂಗಳೂರು ಗ್ರಾಮಾಂತರದ ದೊಡ್ಡಬಳ್ಳಾಪುರ. ಮಾರ್ಗಸೂಚಿ ದರ ಬೇರೆ ಬೇರೆಯಾದ್ದರಿಂದ ಪರಿಹಾರವೂ ಬೇರೆ. ಕೊರಟಗೆರೆಯ ರೈತರು ಸಮಾನ ಪರಿಹಾರ ಕೇಳಿ ಪಟ್ಟು ಹಿಡಿದರು. ಕೆಲಸ ವರ್ಷಗಟ್ಟಲೆ ನಿಂತಿತು. ಬೆಂಗಳೂರಿನ ನೆರಳು ಬಿದ್ದ ಕಡೆ ಬೆಲೆ, ಗಡಿ ದಾಟಿದರೆ ಇಲ್ಲ ಎಂಬ ಈ ಅಸಮಾನತೆಯನ್ನು ಆಡಳಿತದ ಗೆರೆಯೇ ಹುಟ್ಟಿಸಿತು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಇದೆ. 2007ರಲ್ಲಿ ಘೋಷಣೆಯಾದ ಇದರ ವಿಸ್ತೀರ್ಣ 798 ಎಕರೆ. ಕೃಷ್ಣಮೃಗ 798 ಎಕರೆಯಲ್ಲೇ ನಿಲ್ಲುವ ಪ್ರಾಣಿಯಲ್ಲ. ಸುತ್ತಲ ಹೊಲ, ಬೀಳುಗಳಲ್ಲಿ ಓಡಾಡುತ್ತದೆ. 2019ರಲ್ಲಿ ಶಿರಾ ತಾಲ್ಲೂಕಿನಲ್ಲಿ ಬುಕ್ಕಾಪಟ್ಟಣ ಚಿಂಕಾರ ವನ್ಯಧಾಮವೂ ಬಂತು. ಎರಡೂ ಸ್ವಾಗತಾರ್ಹ. ಮೀಸಲಿನ ಬೇಲಿಯಾಚೆಗಿನ ಹುಲ್ಲುಗಾವಲು ಕಾಗದದ ಮೇಲೆ ಖರಾಬು ಅಥವಾ ಪಾಳು ಎನಿಸಿಕೊಂಡಿರುವವರೆಗೆ, ಯಾವುದೇ ಹೊಸ ಯೋಜನೆಯ ಕಣ್ಣು ಮೊದಲು ಬೀಳುವುದು ಅದರ ಮೇಲೆಯೇ.

ಇನ್ನು ಶಿರಾ. 2011ರ ಜನಗಣತಿಯಲ್ಲೇ 57 ಸಾವಿರ ದಾಟಿದ್ದ ಈ ಪಟ್ಟಣ ನಾಲ್ಕರಲ್ಲಿ ದೊಡ್ಡದು. ಬೆಂಗಳೂರು–ಪುಣೆ ಹೆದ್ದಾರಿ ಪಕ್ಕದಲ್ಲಿದೆ, ರೈಲು ಬರಲಿದೆ, ಹೇಮಾವತಿ ನೀರು ದೊಡ್ಡಕೆರೆಗೆ ಬರುತ್ತದೆ. ಮೊಘಲರ ಕಾಲದಲ್ಲಿ ಸುಬಾದ (ಪ್ರಾಂತ್ಯದ) ರಾಜಧಾನಿಯಾಗಿದ್ದ, ಕೋಟೆ, ಉದ್ಯಾನ, ಕೆರೆಗಳ ಊರು ಇದು. ಇಂದು ಅದರ ಅಂಚು ಬೆಳೆಯುತ್ತಿರುವುದು ಎಕರೆ ಲೆಕ್ಕದಲ್ಲಿ ಎದ್ದ ಬಿಡಿ ಬಿಡಿ ಲೇಔಟುಗಳಾಗಿ. ಒಂದರ ರಸ್ತೆ ಮತ್ತೊಂದಕ್ಕೆ ಸೇರದಿದ್ದರೆ, ಒಂದರ ಚರಂಡಿ ಮತ್ತೊಂದರ ಮನೆ ಮುಂದೆ ನಿಂತರೆ, ಅದನ್ನು ಸರಿಪಡಿಸುವ ಖರ್ಚು ನಗರಸಭೆಯ ತಲೆಗೆ ಬರುತ್ತದೆ.

ತೀರ್ಮಾನ

ಇಷ್ಟು ದೇಶಗಳನ್ನು ನೋಡಿದ ಮೇಲೆ ಒಂದು ಮಾತು ಸ್ಪಷ್ಟ. ಇಂಗ್ಲೆಂಡಿನ ವಿವೇಚನೆಯೋ ಜರ್ಮನಿಯ ಬಿಗಿಯೋ ಎಂಬುದು ನಮಗೆ ಎರಡನೇ ಪ್ರಶ್ನೆ. ಮೊದಲ ಪ್ರಶ್ನೆ ವ್ಯಾಪ್ತಿಯದ್ದು ಮತ್ತು ಚುನಾಯಿತ ಹೊಣೆಯದ್ದು. ನಮ್ಮಲ್ಲಿ ನೆಲದ ಅತಿ ದೊಡ್ಡ ಬದಲಾವಣೆಗಳು ಪಟ್ಟಣದ ಹೊರಗೆ ಆಗುತ್ತಿವೆ, ಯೋಜನೆಯೋ ಪಟ್ಟಣದ ಒಳಗೆ ಉಳಿದಿದೆ.

ಆದ್ದರಿಂದ ಬೇಕಾದದ್ದು ಇಷ್ಟು. ಮಧುಗಿರಿಯನ್ನು ಪ್ರತ್ಯೇಕ ಜಿಲ್ಲೆ ಮಾಡಬೇಕೆಂಬ ಹಳೆಯ ಬೇಡಿಕೆ ಈಡೇರಲಿ ಬಿಡಲಿ, ನಾಲ್ಕು ತಾಲ್ಲೂಕಿಗೂ ಸೇರಿ ಗಡಿಯಿಂದ ಗಡಿಯವರೆಗೆ ಒಂದು ಭೂಬಳಕೆ ಯೋಜನೆ ಆಗಬೇಕು. ಗ್ರಾಮ ನಕ್ಷೆಯ ಕೆರೆ, ಹಳ್ಳ, ಗೋಮಾಳ, ದಾರಿಗಳು ಅದರ ಮೊದಲ ಪದರವಾಗಬೇಕು. ಹುಲ್ಲುಗಾವಲಿಗೆ ಅದರಲ್ಲಿ ಹೆಸರು, ಸ್ಥಾನ ಸಿಗಬೇಕು. ಶಿರಾದ ಅಂಚಿನಲ್ಲಿ ಮತ್ತು ಹೊಸ ರೈಲು ನಿಲ್ದಾಣಗಳ ಸುತ್ತ 1961ರ ಕಾಯ್ದೆಯಲ್ಲೇ ಇರುವ ಮರುಹೊಂದಾಣಿಕೆಯನ್ನು ಪ್ರಯೋಗಿಸಬೇಕು. ಪಾವಗಡದ ಗುತ್ತಿಗೆ ಮಾದರಿ ಮುಂದುವರಿಯಲಿ, ಅದರಲ್ಲಿ ಭೂಹೀನರಿಗೂ ಕುರಿಗಾಹಿಗಳಿಗೂ ಪಾಲು ಬರೆದಿರಲಿ. ದೊಡ್ಡ ಭೂಪರಿವರ್ತನೆ ಯಾವುದೇ ಇರಲಿ, ಆ ಜಾಗದಲ್ಲೇ ಕನ್ನಡದಲ್ಲಿ ನೋಟಿಸ್ ಹಾಕಿ ಗ್ರಾಮಸಭೆಯ ಅಭಿಪ್ರಾಯ ಪಡೆಯಬೇಕು. ಜಿಲ್ಲಾ ಪಂಚಾಯಿತಿ ಚುನಾವಣೆ ಕಾಲಕಾಲಕ್ಕೆ ನಡೆದು ಯೋಜನಾ ಸಮಿತಿ ಕೆಲಸ ಮಾಡಬೇಕು.

ಇದಾವುದಕ್ಕೂ ಹೊಸ ಕಾಯ್ದೆಗಾಗಿ ಕಾಯುತ್ತಾ ಕೂರಬೇಕಿಲ್ಲ. ಓದುಗರಲ್ಲಿ ಒಂದು ವಿನಂತಿ: ಮುಂದಿನ ಗ್ರಾಮಸಭೆಗೆ ಹೋಗಿ, ನಿಮ್ಮ ಊರಿನ ಗ್ರಾಮ ನಕ್ಷೆಯನ್ನು ಗೋಡೆಗೆ ಹಾಕಲು ಹೇಳಿ. ಪರಿವರ್ತನೆಯಾದ, ಗುತ್ತಿಗೆಗೆ ಹೋದ, ಸ್ವಾಧೀನಕ್ಕೆ ಗುರುತಾದ ಸರ್ವೆ ನಂಬರುಗಳನ್ನು ಅದರ ಮೇಲೆ ಬಣ್ಣದಲ್ಲಿ ತೋರಿಸಲು ಕೇಳಿ. ಅದನ್ನು ಕೇಳುವ ಹಕ್ಕು ನಿಮಗಿದೆ, ತೋರಿಸುವ ಹೊಣೆ ಪಂಚಾಯಿತಿಯದ್ದು.